ಪೆನ್ಸಿಲಿನಲ್ಲಿ ತುಂಬಿದ ಹಾಳೆ

ಮಿನ್ನೆಸೋಟ, ಅಕ್ಟೋಬರ್ 9

ಸಮಾಲೋಚಕಿ ಡೆಲ್ಗಾಡೊ ಮೇಡಂ ಅವರಿಗೆ,

ಮೊದಲ ದಿನ ನೀವು ಕೊಟ್ಟ ಹತ್ತು ಪ್ರಶ್ನೆಗಳ ಹಾಳೆಯಲ್ಲಿ ನನ್ನ ಆತ್ಮಗೌರವಕ್ಕೆ ಮೂವತ್ತಕ್ಕೆ ಒಂಬತ್ತೇ ಅಂಕ ಬಂತೆಂದು ಗಾಬರಿಯಾದಿರಿ. ತಪ್ಪು ಸ್ವಲ್ಪ ನಮ್ಮೂರಿನದೂ ಹೌದು. 'ನನ್ನಲ್ಲಿ ಒಳ್ಳೆಯ ಗುಣಗಳಿವೆ' ಎಂಬುದಕ್ಕೆ 'ಖಂಡಿತ ಹೌದು' ಎಂದು ಗುರುತು ಹಾಕುವ ಹೆಂಗಸು ಇಲ್ಲಿ ಸಿಗುವುದಿಲ್ಲ. 'ಪರವಾಗಿಲ್ಲ' ಎನ್ನುವುದೇ ನಮ್ಮಲ್ಲಿ ದೊಡ್ಡ ಹೊಗಳಿಕೆ. ನಿಮ್ಮ ಹಾಳೆಯಲ್ಲಿ ಆ ಉತ್ತರವೇ ಇರಲಿಲ್ಲ.

ಕಳೆದ ಭಾನುವಾರ ಚರ್ಚಿನ ಊಟಕ್ಕೆ ನಾನು ಓವನ್ನಿನಲ್ಲಿ ಬೇಯಿಸಿ ಒಯ್ದಿದ್ದ ಆಲೂಗಡ್ಡೆಯ ಹಾಟ್‌ಡಿಶ್ ಪೂರ್ತಿ ಖಾಲಿಯಾಯಿತು.

"ಯಾರೇ ಮಾಡಿದ್ದು ಇದನ್ನ?" ಎಂದಳು ಗೆಳತಿ ಆರ್ಡಿಸ್.

"ನಾನೇ ಕಣೇ. ತುಂಬಾ ಚೆನ್ನಾಗಿತ್ತು," ಎಂದೆ.

"ಮಾರ್ಲಿಸ್, ಜ್ವರಗಿರ ಬಂದಿದೆಯೇನೇ?" ಎಂದು ಹಣೆ ಮುಟ್ಟಿ ನೋಡಿದಳು.

ಅದೇ ಪ್ರಶ್ನೆಗಳ ಹೊಸ ಹಾಳೆಯನ್ನು ತುಂಬಿ ಇದರ ಜೊತೆ ಇಟ್ಟಿದ್ದೇನೆ. ಅಂಕಗಳನ್ನು ನೀವೇ ಕೂಡಿಕೊಳ್ಳಿ. ಹಿಂದಿನದನ್ನು ಪೆನ್ಸಿಲಿನಲ್ಲಿ ತುಂಬಿದ್ದೆ. ನಾನು ಏನು ಬರೆದರೂ, ಸಾಮಾನಿನ ಚೀಟಿಯನ್ನು ಕೂಡ, ನನ್ನ ಗಂಡ ಹೆರಾಲ್ಡ್ ನಲವತ್ತು ವರ್ಷ ಅಳಿಸಿ ತಿದ್ದುತ್ತಿದ್ದರು. ನೀವೂ ತಿದ್ದುತ್ತೀರಿ ಎಂದುಕೊಂಡಿದ್ದೆ.

ಇದನ್ನು ಪೆನ್ನಿನಲ್ಲಿ ತುಂಬಿದ್ದೇನೆ. ದಯವಿಟ್ಟು ತಿದ್ದಬೇಡಿ.

ಬುಧವಾರ ನಾಲ್ಕು ಗಂಟೆಗೆ ಬರುವ,
ಮಾರ್ಲಿಸ್ ಟೊಲೆಫ್ಸನ್