ಕಳಸದ ಬಸ್ಸು ಹತ್ತಿದ ಬಟ್ಲರ್

ಅಪ್ಪಾ,

ಕೊನೆಗೂ ಸಿಕ್ಕಿಬಿದ್ದೆಯಲ್ಲ ನೀನು! ನೀನು ಹೋಗಿ ಎಷ್ಟೋ ವರ್ಷಕ್ಕೆ, ಮೊನ್ನೆ ಭಾನುವಾರ, ನಿನ್ನ ಸುಳ್ಳು ಹೊರಬಿತ್ತು.

ನೆನಪಿದೆಯಾ, ಕಾಫಿ ಕೊಯ್ಲು ಮುಗಿದ ಮೇಲೆ ಸಾಹುಕಾರರು ಬಂಗಲೆಯ ಜಗಲಿಗೆ ಬಿಳಿ ಬೆಡ್‌ಶೀಟು ಕಟ್ಟಿಸಿ ಹಳೇ ಇಂಗ್ಲಿಷ್ ಸಿನಿಮಾ ಹಾಕಿಸುತ್ತಿದ್ದುದು? ಅವರ ನೆಂಟರು ಮುಂದೆ ಕುರ್ಚಿಯಲ್ಲಿ, ಕೆಲಸದವರ ಮನೆಯವರು ನಾವು ಪರದೆಯ ಹಿಂದೆ ಅಂಗಳದಲ್ಲಿ. ನಮಗೆ ಎಡಬಲ ಎಲ್ಲವೂ ತಿರುಗುಮುರುಗು. "ಥೂ, ಎಡಗೈಯಲ್ಲಿ ತಿಂತಾರಲ್ಲ, ಎಂಥ ಜನ ಮಾರಾಯ್ತಿ!" ಎಂದು ಅಮ್ಮ ಮುಖ ಸಿಂಡರಿಸುತ್ತಿದ್ದಳು.

ಆ ಬಟ್ಲರ್ ಸಿನಿಮಾ ಬಂದ ದಿನ ನಿನ್ನ ಗತ್ತೇನು! ಬಂಗಲೆಯ ಬಟ್ಲರ್ ನೀನೇ ಅಲ್ಲವೇ? ಮುಂದಿನವರಿಗೆ ಟ್ರೇ ಹಿಡಿದು ಸುತ್ತಿ, ಓಡಿ ಬಂದು ನಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಅಮೆರಿಕದ ತಲೆಕೆಟ್ಟ ಶ್ರೀಮಂತರ ಮನೆ, ಅವರನ್ನು ಸಂಭಾಳಿಸುವ ಬಟ್ಲರ್, ಅವನ ಹಿಂದೆ ಬಿದ್ದ ಆ ಮನೆಯ ಮಗಳು. ಕೊನೆಯಲ್ಲಿ ಅವಳು ಅವನ ಕೈ ಹಿಡಿದೆಳೆದಾಗ ನೀನು ಅವನ ದನಿ ಮಾಡಿ ಹೇಳಿದೆ: "ಬಿಡಿ ಅಮ್ಮೋರೆ, ಕಳಸದ ಬಸ್ಸಿಗೆ ಹೊತ್ತಾಯ್ತು. ಮನೇಲಿ ಹೆಂಡ್ತಿ ಕಡುಬು ಮಾಡ್ಕೊಂಡು ಕಾಯ್ತಿರ್ತಾಳೆ."

ನೀನು ದಿನಾ ಮನೆಗೆ ಬರಲು ಹತ್ತುತ್ತಿದ್ದ ಬಸ್ಸು! ನಿನ್ನ ಇಸ್ತ್ರಿ ಬಟ್ಟೆ ನೋಡಿ "ನಿನ್ ಗಂಡ ಬಂಗ್ಲೇಲೇ ಉಳ್ಕೊಂಡಾನು, ಹುಷಾರು" ಎಂದು ಅಮ್ಮನನ್ನು ಛೇಡಿಸುತ್ತಿದ್ದವರೇ ಚಪ್ಪಾಳೆ ಹೊಡೆದರು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಮೆರಿಕದಿಂದ ಕಳಸಕ್ಕೆ ಬಸ್ಸಿದೆ ಎಂದು ನಾನು ಎಷ್ಟು ಕಾಲ ನಂಬಿದ್ದೆನೋ...

ಈಗ ಅಮ್ಮ ಚಿಕ್ಕಮಗಳೂರಿನಲ್ಲಿ ನನ್ನ ಜೊತೆಗಿದ್ದಾಳೆ. ಕಣ್ಣು ಮಂಜು. "ಪೂರ್ತಿ ಹೋಗೋಕ್ ಮುಂಚೆ ಆ ಬಟ್ಲರ್ ಸಿನಿಮಾ ಒಂದ್ಸಲ ತೋರ್ಸೇ" ಎಂದಳು. ಹುಡುಕಿ ಮೊದಲು ನಾನೊಬ್ಬಳೇ ನೋಡಿದೆ. ಅಯ್ಯೋ ಅಪ್ಪಾ! ಹೆಂಡತಿಯೂ ಇಲ್ಲ, ಕಡುಬೂ ಇಲ್ಲ. ಆ ಪುಣ್ಯಾತ್ಮ ಆ ಮನೆಯ ಮಗಳನ್ನೇ ಮದುವೆಯಾಗುತ್ತಾನೆ! ಅಮ್ಮ ಇಷ್ಟು ವರ್ಷ ಜೋಪಾನ ಮಾಡಿದ ಕಥೆಯನ್ನು ನಾನು ಹೇಗೆ ಹಾಳು ಮಾಡಲಿ?

ಅಮ್ಮನನ್ನು ಕೂರಿಸಿ, ಟೀವಿಯ ಸೌಂಡ್ ಪೂರ್ತಿ ಇಳಿಸಿ, ನಿನ್ನಂತೆ ನಾನೇ ಮಾತು ಹೇಳುತ್ತ ಹೋದೆ. ಕೊನೆಗೆ "ಕಳಸದ ಬಸ್ಸಿಗೆ..." ಎನ್ನುವಷ್ಟರಲ್ಲಿ ಅಮ್ಮ ನಗತೊಡಗಿದಳು.

"ಸಾಕು ಮಾರಾಯ್ತಿ. ಅವ್ನು ಅವಳನ್ನೇ ಮದ್ವೆ ಆಗ್ತಾನೆ. ಮದ್ವೆಗ್ ಮುಂಚೆ ಬಂಗ್ಲೆ ಮಕ್ಳನ್ನ ಆಡ್ಸಿದೋಳು ನಾನು, ಅಷ್ಟು ಇಂಗ್ಲಿಷ್ ಗೊತ್ತಾಗಲ್ವಾ ನಂಗೆ?"

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಎಂಥ ಹೇಳೋದು? ಅಷ್ಟು ಜನರ ಎದುರು, ಆ ಚೆಲುವೇನ ಬಿಟ್ಟು ನನ್ ಕಡುಬಿಗೆ ಓಡಿ ಬಂದ್ರಲ್ಲೇ ನಿಮ್ಮಪ್ಪ."

ಕಣ್ಣೊರೆಸಿಕೊಂಡು, ಮತ್ತೆ ಮೊದಲಿಂದ ಹಾಕು ಎಂದಳು. ಸೌಂಡ್ ಬೇಡವಂತೆ.