ಬೆಳಗಬಾರದಿದ್ದ ಬೆಳ್ಳಿ

ಮೂರನೇ ಮಹಡಿ, ನನ್ನ ಹೊಸ ಮನೆ
ಮಾರ್ಚ್ ೧೨, ಗುರುವಾರ

ಮುದ್ದಿನ ಅಕ್ಕಾ,

ಹೇಗಿದ್ದೀಯಾ? ಸೊಂಟನೋವು ಇಳಿಯಿತಾ? ಭಾವನ ಕೆಮ್ಮು? ಎರಡು ಸಲ ಫೋನ್ ಮಾಡಿದೆ. ನೀನು “ಹಲೋ, ಹಲೋ” ಎಂದು ಇಟ್ಟುಬಿಟ್ಟೆ, ಅದಕ್ಕೇ ಪತ್ರ. ಇಂಗ್ಲಿಷ್ ಮೀಡಿಯಂನವಳ ಕಾಗುಣಿತ ನೋಡಿ ನಗಬೇಡ. ಇಷ್ಟುದ್ದ ಕನ್ನಡವನ್ನು ನಾನು ಪರೀಕ್ಷೆಯಲ್ಲೂ ಬರೆದವಳಲ್ಲ. ಮದುವೆಯಾದಾಗಿನಿಂದ ನನ್ನ ಕಾಲು ನೆಲದ ಮೇಲೇ ಇರಲಿಲ್ಲ ಅಂದುಕೋ. ಇವರು ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸಿ, ಸಂಜೆ ಬಂದು ನನ್ನನ್ನೇ ನೋಡುತ್ತ ಕೂರುತ್ತಿದ್ದರು.

ನಿನಗೆ ಹೇಳಿರಲಿಲ್ಲ, ನನಗೆ ಸವತಿಯರಿದ್ದಾರೆ. ಎಲ್ಲರಿಗೂ ಎರಡು ಸಾವಿರ ವರ್ಷ ದಾಟಿದೆ. ತೀರಿಕೊಂಡ ಮಾವ ಕೂಡಿಟ್ಟ ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯಗಳು ಈಗ ಇವರವು. ಮಲಗುವ ಕೋಣೆಯ ಬೀರುವಿನಲ್ಲಿ ತೆಳು ಡ್ರಾಯರುಗಳು, ಹಸಿರು ಮಖಮಲ್ಲು, ಪ್ರತಿ ನಾಣ್ಯಕ್ಕೂ ಅದರದೇ ಗುಂಡು ಗುಳಿ. ಗೂಬೆಯ ನಾಣ್ಯ, ಆಮೆಯ ನಾಣ್ಯ. ಇವರು ಭೂತಗನ್ನಡಿ ಹಿಡಿದು ತೋರಿಸುವಾಗ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು, ಹಾಗಾಗಿ ನನಗೂ ಗ್ರೀಕ್ ಇತಿಹಾಸದಲ್ಲಿ ಭಾರೀ ಆಸಕ್ತಿ ಹುಟ್ಟಿತು. ಕೊನೆಯ ಡ್ರಾಯರಿನಲ್ಲಿ ಕಿರುಬೆರಳಿನ ಉಗುರಿನಷ್ಟೇ ಇರುವ ಒಂದು ಪುಟಾಣಿ, ಇದ್ದಿಲಿನಷ್ಟು ಕಪ್ಪು. ಒಬೊಲ್ ಅಂತ ಹೆಸರು. ಅದನ್ನು ಸತ್ತವರ ಬಾಯಲ್ಲಿ ಇಡುತ್ತಿದ್ದರಂತೆ, ಸಾವಿನ ನದಿಯ ಆಚೆ ದಡಕ್ಕೆ ದಾಟಿಸುವ ಅಂಬಿಗನ ಕೂಲಿಗೆ. ಮಾವ ಕೊಂಡಾಗ ಅದಕ್ಕೆ ಹಲ್ಲಿನ ಚೂರೊಂದು ಅಂಟಿಕೊಂಡೇ ಇತ್ತಂತೆ.

ಇವರ ಹುಟ್ಟುಹಬ್ಬಕ್ಕೆ ಎಲ್ಲವನ್ನೂ ಫಳಫಳ ಮಾಡಿಡೋಣ ಎಂದು, ಇವರು ಅಂಗಡಿಗೆ ಹೋದ ಮೇಲೆ ಟೂತ್‌ಪೇಸ್ಟು, ಹಳೆಯ ಬ್ರಷ್ಷು ಹಿಡಿದು ಕೂತೆ. ಮೊದಲು ಆ ಕಪ್ಪು ಮರಿಗೇ ಸ್ನಾನ. ನಿನ್ನೆ ಟಂಕಿಸಿದ ಹಾಗೆ ಹೊಳೆಯತೊಡಗಿತು. ಅಷ್ಟರಲ್ಲಿ ತೋಳು ಸೋತಿತು, ಉಳಿದವು ಬಚಾವಾದವು. ಸಂಜೆ ನೋಡಿ ಇವರು ಬೈಯಲಿಲ್ಲ ಅಕ್ಕಾ, ಬೈದಿದ್ದರೆ ಚೆನ್ನಾಗಿತ್ತು. ಮಂಚದ ಅಂಚಿಗೆ ಕುಸಿದರು. ನಾಣ್ಯ ಕೂಡಿಡುವವರು ಹಳೆಯ ಬೆಳ್ಳಿಯ ಕಪ್ಪನ್ನು ಯಾವತ್ತೂ ಉಜ್ಜುವುದಿಲ್ಲವಂತೆ, ನನಗೇನು ಗೊತ್ತು? ಬಾಗಿಲಲ್ಲಿ ನಿಂತಿದ್ದ ಅತ್ತೆ, “ಕಪ್ಪಗಿದ್ದಾಗ ಅದು ಅಂಬಿಗನಿಗೆ ಸಂದಾಯ ಆಗಿಹೋದ ಕಾಸಮ್ಮ. ನೀನು ಮತ್ತೆ ಚಲಾವಣೆಗೆ ತಂದೆಯಲ್ಲ” ಅಂದರು. ನಾನು ಕಿಸಕ್ಕನೆ ನಕ್ಕೆ. ಅವರು ನಗಲಿಲ್ಲ.

“ಮೈಗೆ ತಾಗಿಸಿ ಇಟ್ಕೋ, ಬೆವರಿಗೆ ಮತ್ತೆ ಕಪ್ಪಾಗುತ್ತೆ” ಅಂದರು ಇವರು. ಸಂಗ್ರಹಕಾರರ ಉಪಾಯವಂತೆ. ಪುಟ್ಟ ಬಟ್ಟೆಚೀಲ ಹೊಲಿದು ಎದೆಗೆ ತಾಗುವಂತೆ ಕಟ್ಟಿಕೊಂಡೆ, ಗಂಡನ ಪ್ರೀತಿಯ ವಸ್ತು ಎಂದು ಕೊಂಚ ಬೀಗಿದೆ ಕೂಡ. ಆದರೆ ಅದು ಬೆಚ್ಚಗಾಗಲೇ ಇಲ್ಲ. ಈಗತಾನೇ ನದಿಯಿಂದ ತೆಗೆದ ಹಾಗೆ, ಎಷ್ಟು ಹೊತ್ತಾದರೂ ತಣ್ಣಗೆ. ಕಪ್ಪು ಮಾತ್ರ ಬೇಗ ಏರಿತು. ಆಗಲೇ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನವರಿಗೂ ಮುಂದಿನವರಿಗೂ ಟಿಕೆಟ್ ಕೊಟ್ಟು ನನ್ನನ್ನು ಬಿಟ್ಟ. ಪುಕ್ಕಟೆ ಸವಾರಿ ಎಂದು ಖುಷಿಪಟ್ಟೆ. ಮರುದಿನ ನಾನೇ ಕೈ ಚಾಚಿದೆ. ಅದರ ಮೇಲಿಂದಲೇ ಪಕ್ಕದವಳಿಗೆ ಚಿಲ್ಲರೆ ದಾಟಿಸಿದ. ಬ್ರೆಡ್ಡಿನ ಅಂಗಡಿಯವಳು ನನ್ನ ಬೆನ್ನ ಹಿಂದಿದ್ದವರನ್ನು “ಏನ್ ಕೊಡ್ಲಿ?” ಎಂದು ಕೇಳಿದಳು. ಅತ್ತೆ ಊಟಕ್ಕೆ ಎರಡೇ ತಟ್ಟೆ ಇಟ್ಟರು. “ಅತ್ತೆ, ನಾನು?” ಅಂದೆ. ಗಾಳಿಯ ಸದ್ದು ಕೇಳಿದವರಂತೆ ಎದ್ದು ಕಿಟಕಿ ಮುಚ್ಚಿದರು.

ನಿನ್ನೆ ಚೀಲ ಬಿಚ್ಚಿ ನಾಣ್ಯವನ್ನು ಅದರ ಗುಳಿಯಲ್ಲಿಟ್ಟೆ. ಇವರು ಭೂತಗನ್ನಡಿಯಲ್ಲಿ ನೋಡಿ ಮಗುವಿನ ಹಾಗೆ ಹಿಗ್ಗಿದರು. “ಮೊದಲಿನ ಹಾಗೇ ಆಯ್ತು ಕಣೇ” ಎಂದು ತಿರುಗಿದವರು, ಕೋಣೆಯೆಲ್ಲ ಹುಡುಕಿ “ಎಲ್ಲಿ ಹೋದ್ಲು ಇವಳು?” ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಮಂಚದ ಮೇಲೆ ಊರಿದ ಅವರ ಕೈ ನನ್ನ ಕೈಗೆ ತಾಗಿತು. ಮಂಜುಗಡ್ಡೆ ಮುಟ್ಟಿದ ಹಾಗೆ ಬೆಚ್ಚಿ ಹಿಂದಕ್ಕೆ ಹೋಯಿತು.

ಇದೆಲ್ಲ ಹೊಸ ಮದುಮಗಳ ಹುಚ್ಚು ಅನ್ನು. ದಯವಿಟ್ಟು ಹಾಗೇ ಅನ್ನು. ಭಾವನಿಗೆ ನಮಸ್ಕಾರ, ನಿನ್ನ ಎರಡೂ ಕೆನ್ನೆಗೆ ಮುತ್ತು.

ನಿನ್ನವಳೇ ಆದ
ತಂಗಿ

ವಿ.ಸೂ.: ಅಂಚೆ ಕಚೇರಿಯಲ್ಲಿ ಯಾರೂ ನನಗೆ ಸ್ಟಾಂಪು ಕೊಡಲಿಲ್ಲ, ಅದಕ್ಕೇ ಪತ್ರವನ್ನು ನಾನೇ ತಂದೆ. ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಈಗತಾನೇ ಬೆಲ್ ಒತ್ತಿದೆ. ನೀನೇ ಬಂದೆ, ಕೈಯೆಲ್ಲ ಸೋಪಿನ ನೊರೆ. ನಾನು ನಿಂತಿದ್ದ ಜಾಗದ ಮೂಲಕವೇ ಎದುರು ಮನೆಯ ಗೇಟು ನೋಡಿ, “ಯಾರೂ ಇಲ್ಲ ರೀ” ಎಂದು ಒಳಗೆ ಕೂಗಿ ಬಾಗಿಲು ಹಾಕಿಕೊಂಡೆ. ಪತ್ರವನ್ನು ಬಾಗಿಲ ಕೆಳಗೆ ತೂರಿಸುತ್ತೇನೆ. ಓದಿದ ತಕ್ಷಣ ಬಾಗಿಲು ತೆಗೆ ಅಕ್ಕಾ. ನಾನು ಕಾಣದಿದ್ದರೂ “ಬಾರೇ ಒಳಗೆ, ಬಾಯಿಬಡುಕಿ” ಎಂದು ಗಟ್ಟಿಯಾಗಿ ಕರೆದು ಕೈ ಚಾಚು. ನನ್ನ ಕೈ ತುಂಬ ತಣ್ಣಗಿರುತ್ತದೆ. ಬಿಟ್ಟುಬಿಡಬೇಡ.