ಲಿಸ್ಸಿ ಬರುವ ಶನಿವಾರ

ಓಕ್ಲ್ಯಾಂಡ್

ಅತ್ತೆಗೆ ನಮಸ್ಕಾರ.

ವಿಡಿಯೊ ಕಾಲಿನಲ್ಲಿ ಕೈಗೇನಾಯಿತೆಂದು ಕೇಳಿದರೆ "ನನಗೆಂಥದ್ದೂ ಆಗಿಲ್ಲ ಮಾರಾಯ್ತಿ" ಎನ್ನುತ್ತೀರಿ. ಅದಕ್ಕೇ ಈ ಪತ್ರ.

ಆಸ್ಪತ್ರೆಯ ಕೆಲಸದ ಜೊತೆಗೇ ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ನಾವು ಒಬ್ಬೊಬ್ಬರೂ ಈಗ ಹಿರಿಯರೊಬ್ಬರ ಮನೆಗೆ ಹೋಗಿ, ಆರೋಗ್ಯ ವಿಚಾರಿಸಿ, ವರದಿ ಬರೆಯಬೇಕು. ಅವರು ಸ್ವಂತ ಮನೆಯವರಾಗಿರಬಾರದು. ಹಾಗಾಗಿ ಶನಿವಾರ ಲಿವರ್‌ಮೋರ್‌ಗೆ, ನಿಮ್ಮಲ್ಲಿಗೆ, ನನ್ನ ಸಹಪಾಠಿ ಲಿಸ್ಸಿ ಬರುತ್ತಾಳೆ; ನಾನು ಅವಳ ಅಮ್ಮನಲ್ಲಿಗೆ ಹೋಗುತ್ತೇನೆ. ಲಿಸ್ಸಿ ಮಲಯಾಳಿಯಾದರೂ ಮಂಗಳೂರಿನಲ್ಲಿ ಡಿಪ್ಲೊಮಾ ಮಾಡಿದವಳು, ಕನ್ನಡ ಬರುತ್ತದೆ.

ಈ ಸೆಖೆಯಲ್ಲೂ ಸ್ವೆಟರಿನ ತೋಳಿನೊಳಗೆ ಮುಚ್ಚಿಟ್ಟಿರುವ ಪೆಟ್ಟನ್ನು ಅವಳಿಗಾದರೂ ತೋರಿಸಿ. ನಿಯಮದ ಪ್ರಕಾರ ಅದನ್ನು ಅವಳು ನನಗೆ ಹೇಳುವಂತಿಲ್ಲ, ನಾನು ಕೇಳುವುದೂ ಇಲ್ಲ.

ಭಾನುವಾರ ನಿಮ್ಮ ಮಗ ಬಚ್ಚಲಿನ ಗೋಡೆಗೆ ಹಿಡಿಕೆ ಕೂರಿಸಲು ಬರುತ್ತಾರೆ. ಯಾಕೆಂದು ನೀವೂ ಕೇಳಬೇಡಿ.

ನಿಮ್ಮ ಸೊಸೆ,
ಪ್ರಣೀತಾ